ಬಂಡೆಯ ಮೇಲಿನ ಭಾವಮೈದ

"ಗುರುಗಳೇ, ತಲೆಯೊಳಗೆ ಕೂತು ಈ ಲೋಕವನ್ನು ನೋಡುವವರು ಒಬ್ಬರೋ, ಇಬ್ಬರೋ?" ಎಂದು ಅಡವೀಶ ಕೇಳಿದ.

ಅಡವೀಶ ಮಠದ ಶಿಷ್ಯ. ಮಠಕ್ಕೆ ಬಂದುಹೋದ ವೈದ್ಯರೊಬ್ಬರು ಅವನ ನಿದ್ದೆ ಕೆಡಿಸಿದ್ದರು. ಮಿದುಳು ಒಂದೇ ಗಡ್ಡೆಯಲ್ಲ, ಅಕ್ರೋಟಿನ ತಿರುಳಿನ ಹಾಗೆ ಎರಡು ಹೋಳು. ಎಡ ಹೋಳಿಗೆ ಮಾತು ಬರುತ್ತದೆ, ಬಲ ಹೋಳಿಗೆ ಹೆಚ್ಚುಕಡಿಮೆ ಬಾರದು. ಎಡದ್ದು ಬಿಡಿಬಿಡಿಯಾಗಿ ಹಿಡಿದು ನೋಡುತ್ತದೆ, ಬಲದ್ದು ಇಡಿಯಾಗಿ ನೋಡುತ್ತದೆ ಎಂದು ಅವರು ಹೇಳಿದ್ದರಂತೆ. ಅಡವೀಶ ಒಂದು ಅಕ್ರೋಟನ್ನು ಒಡೆದು, ಅದರ ತಿರುಳನ್ನು ಅಂಗೈಯಲ್ಲಿ ಇಟ್ಟುಕೊಂಡೇ ಬಂದಿದ್ದ.

"ನೋಡಿ, ಹೀಗೆ. ಇಬ್ಬರಿದ್ದರೆ ನಾನು ಯಾರನ್ನು ನಂಬಲಿ?"

ಗುರುಗಳು ಅವನ ಅಂಗೈಯಿಂದ ಎರಡೂ ಹೋಳನ್ನು ತೆಗೆದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು ನುಂಗಿದರು. ಆಮೇಲೆ ಕಂಬಕ್ಕೆ ಬೆನ್ನು ಕೊಟ್ಟು ಕೂತರು.

"ಒಂದು ಕತೆ ಹೇಳುತ್ತೇನೆ. ನಾನು ಕಣ್ಣಾರೆ ಕಂಡದ್ದು. ಆಗ ನಾನಿನ್ನೂ ಹುಟ್ಟಿರಲಿಲ್ಲ, ಅಷ್ಟೇ."

ಒಂದು ಊರಿನಲ್ಲಿ ಒಬ್ಬ ಜೇನುಗಾರನಿದ್ದ. ಊರ ಹಿಂದೆ ಒಂದು ದೊಡ್ಡ ಬಂಡೆ. ಬಂಡೆಯ ಹೊಟ್ಟೆಯಲ್ಲಿ ಹೆಜ್ಜೇನಿನ ಹುಟ್ಟುಗಳು ತೂಗುತ್ತಿದ್ದವು. ಬಂಡೆಯ ಹೆಸರು ನನಗೆ ಗೊತ್ತು, ಹೇಳುವುದಿಲ್ಲ. ಹೇಳಿದರೆ ನೀನು ಅಲ್ಲಿಗೆ ಹೋಗಿ ಹುಡುಕುತ್ತೀಯ, ಸಿಗುವುದಿಲ್ಲ, ಆಮೇಲೆ ನನ್ನ ಮಾತಿನ ಮೇಲೆ ಅನುಮಾನ ಪಡುತ್ತೀಯ.

ಬೆಳಗಿನ ಮಂಜು ಇನ್ನೂ ಇರುವಾಗ, ಜೇನುನೊಣಗಳು ಚಳಿಗೆ ಮಂಕಾಗಿ ಕೂತಿರುವಾಗ, ಜೇನುಗಾರ ಬಂಡೆಯ ನೆತ್ತಿಯಿಂದ ಬಳ್ಳಿಯ ಏಣಿಯಲ್ಲಿ ಇಳಿಯುತ್ತಿದ್ದ. ಅವನ ಸೊಂಟಕ್ಕೆ ಒಂದು ಹಗ್ಗ. ಹಗ್ಗದ ಇನ್ನೊಂದು ತುದಿ ನೆತ್ತಿಯ ಮೇಲೆ ಕೂತವನ ಕೈಯಲ್ಲಿ. ಆ ತುದಿಯನ್ನು ಹೆಂಡತಿಯ ತಮ್ಮನೇ ಹಿಡಿಯಬೇಕು. ಬೇರೆ ಯಾರೂ ಹಿಡಿಯುವಂತಿಲ್ಲ. ಅದು ಆ ಊರಿನ ಕಟ್ಟಳೆ. ಒಡಹುಟ್ಟಿದ ಅಣ್ಣತಮ್ಮಂದಿರ ಕೈಗೆ ಹಗ್ಗ ಕೊಟ್ಟರೆ ಅವರಿಗೆ ನಡುವೆ ಹೊಲದ ಬದುವಿನ ಜಗಳ ನೆನಪಾದೀತು. ಹೆಂಡತಿಯ ತಮ್ಮನಿಗಾದರೆ ಅಕ್ಕನ ಕೊರಳ ತಾಳಿ ನೆನಪಿರುತ್ತದೆ. ಎಷ್ಟೇ ಸಿಟ್ಟಿದ್ದರೂ ಬಿಡುವುದಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಕೆಳಗೆ ಇಳಿದವನು ಬೇಕಾದಷ್ಟು ಮಾತಾಡಬಹುದು. ಹಗ್ಗ ಹಿಡಿದವನು ಒಂದು ಮಾತನ್ನೂ ಆಡಬಾರದು. ಬಾಯಿಗೆ ಮಾತು ಬಂದರೆ ಕೈಯ ಹಿಡಿತ ಸಡಿಲವಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅವನು ಸುಮ್ಮನೆ ಗುನುಗುತ್ತಿರಬೇಕು. ಆ ಗುನುಗು ಹಗ್ಗದಲ್ಲಿ ಇಳಿದು ಜೇನುಗಾರನ ಸೊಂಟ ಮುಟ್ಟುತ್ತಿತ್ತು. ಅದು ಇರುವವರೆಗೆ, ಮೇಲೆ ಒಬ್ಬನಿದ್ದಾನೆ ಎಂದು ಸೊಂಟಕ್ಕೆ ಗೊತ್ತಾಗುತ್ತಿತ್ತು.

"ಗುನುಗು ಹಗ್ಗದಲ್ಲಿ ಇಳಿಯುತ್ತದೆಯೇ, ಗುರುಗಳೇ?"

"ನನ್ನ ಕತೆಯಲ್ಲಿ ಇಳಿಯುತ್ತದೆ. ಕೇಳು."

ಜೇನುಗಾರನ ಕಣ್ಣು ಬಹಳ ಚುರುಕು. ಹುಟ್ಟಿನ ಮೇಣದ ಎರಿಯ ಮುಂದೆ ಗೇಣು ದೂರದಲ್ಲಿ ತೂಗುತ್ತಾ, ಯಾವ ಕೋಣೆಯಲ್ಲಿ ಮರಿಯಿದೆ, ಯಾವುದರಲ್ಲಿ ಹೂಪುಡಿಯಿದೆ, ಯಾವುದರಲ್ಲಿ ಜೇನುತುಪ್ಪ ಹಣ್ಣಾಗಿದೆ ಎಂದು ಒಂದೇ ನೋಟಕ್ಕೆ ಹೇಳುತ್ತಿದ್ದ. ಕುಡುಗೋಲು ಇಟ್ಟ ಕಡೆ ತುಪ್ಪವೇ ಬರುತ್ತಿತ್ತು. ಮರಿಗೆ ತಾಗುತ್ತಿರಲಿಲ್ಲ. ನೊಣಗಳ ಜೊತೆ ಮಾತಾಡುತ್ತಲೇ ಇರುತ್ತಿದ್ದ. "ಅಕ್ಕ, ಸ್ವಲ್ಪ ಆಚೆ ಸರಿ. ನೀನು ಕಚ್ಚಬೇಡ ತಾಯಿ, ಹೋದ ವರ್ಷ ನಿಮ್ಮಮ್ಮ ಕಚ್ಚಿದ್ದಾಳೆ, ಆ ಬಾಕಿ ತೀರಿದೆ." ಆದರೆ ಆ ಹೊತ್ತಿನಲ್ಲಿ ಮೋಡ ಬಂತೇ, ಬಿಸಿಲು ಬಂತೇ ಎಂದು ಕೇಳಿದರೆ ಅವನಿಗೆ ಗೊತ್ತಿರುತ್ತಿರಲಿಲ್ಲ.

ಮೇಲೆ ಕೂತ ಭಾವಮೈದನಿಗೆ ಎರಿ ಕಾಣುತ್ತಿರಲಿಲ್ಲ. ಭಾವನೂ ಕಾಣುತ್ತಿರಲಿಲ್ಲ. ಅವನಿಗೆ ಉಳಿದದ್ದೆಲ್ಲ ಕಾಣುತ್ತಿತ್ತು. ಎದುರಿನ ಗುಡ್ಡ, ಕಣಿವೆಯ ಮರಗಳು, ಮಂಜು ಏಳುವ ರೀತಿ, ಹಕ್ಕಿಗಳು ಕೂಗುವುದು, ಕೂಗದಿರುವುದು. ಯಾವುದನ್ನೂ ಅವನು ಬಿಡಿಸಿ ನೋಡುತ್ತಿರಲಿಲ್ಲ. ಕನಸಿನೊಳಗೆ ಇರುವವನ ಹಾಗೆ, ಎಲ್ಲದರೊಳಗೆ ತಾನೂ ಒಂದಾಗಿ ಕೂತಿರುತ್ತಿದ್ದ. ಏನೋ ಸರಿಯಿಲ್ಲ ಎಂದು ಮೈಗೆ ತೋರಿದ ಗಳಿಗೆಯಲ್ಲಿ ಹಗ್ಗ ಜಗ್ಗುತ್ತಿದ್ದ. ಜೇನುಗಾರನ ಕಾಲು ಏಣಿ ಹತ್ತಲು ಶುರುಮಾಡುತ್ತಿತ್ತು. ಯಾಕೆ ಹತ್ತುತ್ತಿದ್ದೇನೆ ಎಂದು ತಲೆಗೆ ತಿಳಿಯುವ ಮೊದಲೇ ಕಾಲು ಅರ್ಧ ಏಣಿ ದಾಟಿರುತ್ತಿತ್ತು.

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ತೊಡಕು ಆಗುತ್ತಿದ್ದದ್ದು ಮನೆಗೆ ಬಂದಮೇಲೆ.

ಮನೆಗೆ ಬಂದಮೇಲೆ ಕತೆ ಹೇಳುವವನು ಜೇನುಗಾರ. ಒಮ್ಮೆ ಅವನು ಅರ್ಧ ಎರಿ ಕೊಯ್ದಿರುವಾಗ ಹಗ್ಗ ಜಗ್ಗಿತು. ಅವನು ಹತ್ತಿ ಬಂದ. ನೆತ್ತಿ ತಲುಪುವಷ್ಟರಲ್ಲಿ ಅವನು ತೂಗುತ್ತಿದ್ದ ಜಾಗದಲ್ಲೇ ಬಂಡೆಯ ಒಂದು ಚಕ್ಕೆ ಕಳಚಿಕೊಂಡು ಕಣಿವೆಗೆ ಬಿತ್ತು. ಸಂಜೆ ಜಗಲಿಯಲ್ಲಿ ಕೂತು ಅವನು ಹೇಳಿದ್ದೇ ಬೇರೆ. "ತುಪ್ಪಕ್ಕೆ ಸ್ವಲ್ಪ ಕಹಿ ಬಂದಿತ್ತು. ಸಾಕು, ಮೇಲೆ ಹೋಗೋಣ ಎಂದುಕೊಂಡೆ. ಅಷ್ಟರಲ್ಲಿ ಬಂಡೆಯೊಳಗೆ ಚಿಟ್ ಎಂದು ಶಬ್ದ. ನನ್ನ ಕಿವಿಗೆ ಬೀಳದೆ ಇರುತ್ತದೆಯೇ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಚೆನ್ನಾಗಿ ನೆನಪಿಡು. ಆ ಕಹಿ ಅವನ ನಾಲಿಗೆಗೆ ನಿಜವಾಗಿ ನೆನಪಾಗುತ್ತಿತ್ತು. ಆ ಚಿಟ್ ಶಬ್ದವೂ ಕಿವಿಯೊಳಗೆ ಇತ್ತು. ಕಾಲು ಯಾಕೆ ಹತ್ತಿತು ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ. ಬಾಯಿಗೆ ಒಂದು ಕಾರಣ ಬರುತ್ತಿತ್ತು. ಬಾಯಿಗೆ ಬಂದದ್ದನ್ನು ಅವನೇ ಎಲ್ಲರಿಗಿಂತ ಮೊದಲು ನಂಬುತ್ತಿದ್ದ.

ಅವನ ಹೆಂಡತಿ ಒಳಗಿನಿಂದ ಹರಳೆಣ್ಣೆ ತಂದು ತಮ್ಮನ ಅಂಗೈಗೆ ಹಚ್ಚುತ್ತಿದ್ದಳು.

"ಶಬ್ದ ಕೇಳಿದ್ದು ನಿನ್ನ ಕಿವಿ, ಅಂಗೈ ಸುಲಿದದ್ದು ಇವನದು. ನಿನ್ನ ಕಿವಿಗೂ ಇವನ ಕೈಗೂ ಯಾವ ನಂಟು?" ಎಂದು ಗಂಡನನ್ನು ಕೇಳಿದಳು.

"ಅವನಿಗೆ ಹಗ್ಗ ಹಿಡಿಯಲು ಬರುವುದಿಲ್ಲ. ನನ್ನ ಹಾಗೆ ಸಡಿಲ ಬಿಟ್ಟು ಹಿಡಿಯಬೇಕು," ಎಂದು ಅವನು ಉತ್ತರಿಸಿದ. ಅವನು ಹುಟ್ಟಿದಾಗಿನಿಂದ ಯಾರ ಹಗ್ಗವನ್ನೂ ಹಿಡಿದವನಲ್ಲ.

ಹೀಗೆ ಹೇಳಿ ಹೇಳಿ, ಕೇಳಿ ಕೇಳಿ, ಅವನಿಗೆ ಒಂದು ಯೋಚನೆ ಹುಟ್ಟಿತು. ಇಳಿಯುವವನು ನಾನು. ಕೊಯ್ಯುವವನು ನಾನು. ಅಪಾಯ ತಿಳಿದು ಹತ್ತುವವನೂ ನಾನೇ. ಇವನು ನೆತ್ತಿಯ ಮೇಲೆ ಕೂತು ಗುನುಗುತ್ತಾನೆ. ತುಪ್ಪದಲ್ಲಿ ಅರ್ಧ ಪಾಲು ಇವನಿಗೆ ಯಾಕೆ?

ಒಂದು ದಿನ ತುಪ್ಪ ಹಂಚುವಾಗ ಊರವರೆಲ್ಲರ ಮುಂದೆ ಕೇಳಿಯೇಬಿಟ್ಟ.

"ಮೇಲೆ ಕೂತು ನೀನು ಏನು ನೋಡುತ್ತೀಯೋ? ಹೇಳು. ಒಂದೇ ಒಂದು ಹೇಳು, ಅರ್ಧ ಪಾಲು ಏನು, ಪೂರ್ತಿ ಕೊಡುತ್ತೇನೆ."

ಭಾವಮೈದ ಎದ್ದು ನಿಂತ. ಅವನ ಕಣ್ಣ ಮುಂದೆ ಇಡೀ ಬೆಳಗು ಬಂದು ನಿಂತಿತು. ಗುಡ್ಡ, ಮಂಜು, ಮರ, ಹಕ್ಕಿ, ಗಾಳಿ, ಹಗ್ಗ, ಹಗ್ಗದ ಕೊನೆಯಲ್ಲಿರುವ ಭಾರ, ಆ ಭಾರ ಅಕ್ಕನ ಗಂಡ ಎನ್ನುವುದು. ಎಲ್ಲವೂ ಒಟ್ಟಿಗೆ ಬಂದವು. ಬಾಯಿಯ ಬಾಗಿಲಾದರೋ ಚಿಕ್ಕದು. ಒಂದೂ ಹೊರಗೆ ಬರಲಿಲ್ಲ.

"ಅದು... ಗಾಳಿ ಹೀಗೆ... ಹೀಗಲ್ಲ ಭಾವ, ಒಟ್ಟಿನಲ್ಲಿ... ಬಂಡೆ..." ಎಂದ. ಕೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದ.

ಜನ ನಕ್ಕರು. "ಬಂಡೆ ಇರುವುದು ನಮಗೂ ಗೊತ್ತು ಮಾರಾಯ," ಎಂದು ಒಬ್ಬ ಹೇಳಿದ. ಜೇನುಗಾರನ ಮಾತು ಸರಿ ಎಂದು ಊರ ಹಿರಿಯ ತೀರ್ಪು ಕೊಟ್ಟ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ಗಾದೆಯೇ ಇದೆಯಲ್ಲ. ಬಾಯಿಲ್ಲದವನ ಪರವಾಗಿ ಗಾದೆ ಕಟ್ಟಲು ಬಾಯಿ ಬೇಕು, ಹಾಗಾಗಿ ಆ ಗಾದೆ ಇನ್ನೂ ಹುಟ್ಟಿಲ್ಲ.

ಮರುದಿನ ಬೆಳಿಗ್ಗೆ ಜೇನುಗಾರ ಒಬ್ಬನೇ ಬಂಡೆ ಹತ್ತಿದ. ಹಗ್ಗವನ್ನು ನೆತ್ತಿಯ ಮೇಲಿದ್ದ ಒಂದು ಮರಕ್ಕೆ ಬಿಗಿದು ಕಟ್ಟಿದ. ಮರ ಗಟ್ಟಿಯಾಗಿತ್ತು. ಮರಕ್ಕೆ ಅಂಗೈ ಸುಲಿಯುವುದಿಲ್ಲ. ಮರ ಅರ್ಧ ಪಾಲು ಕೇಳುವುದಿಲ್ಲ. ಒಣಗರಿಯ ಸೂಡಿ ಹೊತ್ತಿಸಿ, ಅದರ ಮೇಲೆ ಹಸಿಸೊಪ್ಪು ಹಾಕಿ ಹೊಗೆ ಎಬ್ಬಿಸಿಕೊಂಡು, ಬುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಇಳಿದ.

ಆ ದಿನದಷ್ಟು ಚೆನ್ನಾಗಿ ಅವನಿಗೆ ಎರಿ ಎಂದೂ ಕಂಡಿರಲಿಲ್ಲ. ಒಂದೊಂದು ಕೋಣೆಯೂ ಒಂದೊಂದು ಮನೆಯಾಗಿ ಕಂಡಿತು. ಮನೆಯ ಪಕ್ಕ ಮನೆ, ಸಾಲಿನ ಕೆಳಗೆ ಸಾಲು, ಎಲ್ಲ ಮನೆಗೂ ಆರು ಗೋಡೆ. ಮೇಣದ ಬೀದಿಗಳಲ್ಲಿ ಹೊನ್ನಿನ ಬಣ್ಣದ ಬೆಳಕು ಹರಿಯುತ್ತಿತ್ತು. ನೋಡುತ್ತಾ ನೋಡುತ್ತಾ ಎರಿ ದೊಡ್ಡದಾಯಿತು. ಬಂಡೆ ಕರಗಿತು. ಆಕಾಶ ಕರಗಿತು. ಕಣಿವೆ ಇತ್ತೋ ಇಲ್ಲವೋ ಮರೆತುಹೋಯಿತು. ಇರುವುದು ಎರಿ ಒಂದೇ, ಲೋಕ ಎಂದರೆ ಇದೇ, ಇದರ ಒಂದೊಂದು ಮನೆಯ ಹೆಸರೂ ನನಗೆ ಗೊತ್ತು ಎಂದು ಅವನಿಗೆ ಅನ್ನಿಸಿತು. ಅವನಿಗೆ ಅಷ್ಟು ಸುಖವಾಗಿತ್ತು. ಕೊಯ್ದಷ್ಟೂ ತುಪ್ಪ. ಬುಟ್ಟಿ ತುಂಬುತ್ತಿತ್ತು.

ಸೊಂಟದ ಹತ್ತಿರ ಮಾತ್ರ ಏನೋ ಕಡಿಮೆಯಾದ ಹಾಗಿತ್ತು. 'ಹಗ್ಗ ಇಬ್ಬನಿಗೆ ನೆನೆದಿದೆ, ಅದಕ್ಕೇ ಹೀಗೆ' ಎಂದುಕೊಂಡ. ಸರಿಹೋಯಿತು.

ಸ್ವಲ್ಪ ಹೊತ್ತಿಗೆ ಹುಟ್ಟಿನ ಮೇಲೆ ಕೂತ ನೊಣಗಳು ಒಟ್ಟಿಗೆ ಬೆನ್ನೆತ್ತಿದವು. ಗದ್ದೆಯ ಮೇಲೆ ಗಾಳಿ ಹಾಯ್ದ ಹಾಗೆ, ಹುಟ್ಟಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಲೆ ಹರಿಯಿತು. ಮತ್ತೆ ಹರಿಯಿತು. ಮತ್ತೆ. 'ನನ್ನನ್ನು ಕಂಡು ಕುಣಿಯುತ್ತಿವೆ' ಎಂದುಕೊಂಡ. ಹಕ್ಕಿಗಳ ಕೂಗು ನಿಂತಿತು. 'ಹೊಗೆಗೆ ಹೆದರಿದವು' ಎಂದುಕೊಂಡ. ಎರಿಯ ಮೇಲೆ ಒಂದು ನೆರಳು ಹಾದುಹೋಯಿತು. 'ಮೋಡ' ಎಂದುಕೊಂಡ. ಒಂದೊಂದಕ್ಕೂ ಒಂದೊಂದು ಕಾರಣ ಸಿಕ್ಕಿತು. ಒಂದೂ ಒಂದರ ಜೊತೆ ಸೇರಲಿಲ್ಲ.

ಅವನ ಬೆನ್ನ ಹಿಂದಿನ ಆಕಾಶದಲ್ಲಿ ಜೇನುಗಿಡುಗ ಸುತ್ತುತ್ತಿತ್ತು.

ಗಿಡುಗ ಎರಗಿದ್ದು ಪಕ್ಕದ ಹುಟ್ಟಿಗೆ. ಕಾಲಿನಿಂದ ಎರಿಯ ಒಂದು ತುಂಡನ್ನು ಕಿತ್ತುಕೊಂಡು ಹೋಯಿತು. ಬಂಡೆಯ ಮೇಲಿದ್ದ ಅಷ್ಟೂ ಹುಟ್ಟುಗಳು ಒಮ್ಮೆಲೇ ಎದ್ದವು. ಗಿಡುಗ ಹೋಗಿಯಾಗಿತ್ತು. ಅಲ್ಲಿ ಉಳಿದವನು ಜೇನುಗಾರ.

ಮೊದಲು ಸೂಡಿ ಕೈಯಿಂದ ಜಾರಿತು. 'ನಾನೇ ಬಿಟ್ಟೆ, ಹೊಗೆ ಹೆಚ್ಚಾಗಿತ್ತು' ಎಂದುಕೊಂಡ. ಬುಟ್ಟಿ ಜಾರಿತು. 'ಭಾರ ಕಡಿಮೆ ಮಾಡಿಕೊಂಡೆ' ಎಂದುಕೊಂಡ. ಕಾಲು ಏಣಿಯಿಂದ ತಪ್ಪಿತು. ಹಗ್ಗ ಸೊಂಟಕ್ಕೆ ಬಿಗಿಯಿತು. ಅವನು ಬಂಡೆಗೂ ಬಯಲಿಗೂ ನಡುವೆ ತಿರುಗತೊಡಗಿದ. ಅದಕ್ಕೂ ಒಂದು ಕಾರಣ ಹುಡುಕುತ್ತಿದ್ದ. ಅಷ್ಟರಲ್ಲಿ ಕಣ್ಣು ಊದಿ ಮುಚ್ಚಿಹೋಯಿತು. ತುಟಿ ಊದಿತು. ನಾಲಿಗೆ ದಪ್ಪಗಾಯಿತು. ಮಾತು ನಿಂತಿತು.

ಹೊರಗಿನ ಮಾತು ನಿಂತಮೇಲೆ ಒಳಗಿನ ಮಾತೂ ನಿಂತಿತು. ಅವನ ಇಡೀ ಬದುಕಿನಲ್ಲಿ ಅದು ನಿಂತದ್ದು ಅದೇ ಮೊದಲು.

ಆಗ ಅವನಿಗೆ ಬಂಡೆ ಕಂಡಿತು. ಕಣ್ಣಿನಿಂದ ಕಂಡದ್ದಲ್ಲ. ಎಷ್ಟು ದೊಡ್ಡ ಬಂಡೆ, ಅದರ ಮೇಲೆ ಎಷ್ಟು ಆಕಾಶ, ಕೆಳಗೆ ಎಷ್ಟು ಆಳ. ಕಣಿವೆಯಿಂದ ಮಂಜು ಮೇಲಕ್ಕೆ ಬರುತ್ತಿತ್ತು. ಅಷ್ಟರ ನಡುವೆ ಒಂದು ಎಳೆ. ಎಳೆಯ ತುದಿಯಲ್ಲಿ ಒಂದು ಮಣಿ. ಆ ಮಣಿ ತಾನು. ನೋವು ಎಲ್ಲೋ ದೂರದಲ್ಲಿ, ಇನ್ನೊಬ್ಬರ ಮನೆಯಲ್ಲಿ ಅಳುವ ಮಗುವಿನ ಹಾಗೆ ಇತ್ತು. ತಾನು ಸಾಯುತ್ತೇನೆ ಎನ್ನುವುದೂ ಒಂದು ಮಾತಾಗಿ ಬರಲಿಲ್ಲ, ಮಂಜಿನ ಹಾಗೆ ಬಂತು. ಆ ಮಂಜಿನಲ್ಲಿ ತೂಗುತ್ತಿರುವಾಗ ಅವನ ಸೊಂಟಕ್ಕೆ ಏನೋ ಮುಟ್ಟಿತು.

ಗುನುಗು.

ಹಗ್ಗ ಬಿಗಿಯಾಯಿತು. ಗೇಣು ಗೇಣಾಗಿ ಅವನು ಮೇಲಕ್ಕೆ ಹೋದ. ಕಾಲು ತಾನಾಗಿ ಏಣಿಯನ್ನು ಹುಡುಕಿಕೊಂಡಿತು. ನೆತ್ತಿಯ ಮೇಲೆ ಎರಡು ಕೈ ಅವನ ಕಂಕುಳಿಗೆ ಬಂದವು. ಆ ಕೈಗಳೂ ಊದಿದ್ದವು.

ಭಾವಮೈದ ಹೇಗೆ ಬಂದ ಎಂದು ಕೇಳುತ್ತೀಯ. ಅವನ ಅಕ್ಕನೂ ಅದನ್ನೇ ಕೇಳಿದ್ದಳು. ಬೆಳಿಗ್ಗೆ ಅವನು ಅಕ್ಕನ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದನಂತೆ. ಸುಲಿಯುತ್ತಿದ್ದವನು ಎದ್ದು ನಿಂತನಂತೆ. "ಎಲ್ಲಿಗೋ?" ಎಂದರೆ ಕೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ಓಡಿದನಂತೆ. ಇದಕ್ಕಿಂತ ಹೆಚ್ಚಿನ ವಿವರ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ.

ಜೇನುಗಾರ ಸತ್ತುಹೋದ ಎಂದು ಈ ಕತೆಯನ್ನು ಹೇಳುವವರೂ ಇದ್ದಾರೆ. ಅವರು ಸುಳ್ಳರು. ಅವನು ಚಾಪೆಯ ಮೇಲೆ ಮಲಗಿದ್ದ, ಮೈಗೆಲ್ಲ ಅರಿಸಿನ ಬಳಿದಿದ್ದರು. ಬಾಯಿಯ ಊತ ಎಲ್ಲಕ್ಕಿಂತ ಮೊದಲು ಇಳಿಯಿತು. ನೋಡಲು ಬಂದ ಊರವರು ಸುತ್ತ ಕೂತಿದ್ದರು.

"ಗಿಡುಗದ ನೆರಳು ಬಿದ್ದ ಕೂಡಲೇ ನನಗೆ ಗೊತ್ತಾಯಿತು," ಎಂದು ಅವನು ಶುರುಮಾಡಿದ. "ಸೂಡಿ ಬಿಸಾಡಿದೆ, ಬುಟ್ಟಿ ಬಿಸಾಡಿದೆ, ಹಗ್ಗ ಹಿಡಿದು ಸರಸರ ಹತ್ತಿದೆ. ಮೇಲೆ ಬಂದರೆ ಇವನು ನಿಂತಿದ್ದಾನೆ. ಪಾಪ, ಇವನಿಗೂ ಕಚ್ಚಿದ್ದವು."

ಊರವರು ತಲೆದೂಗಿದರು. ಹೆಂಡತಿ ಅರಿಸಿನದ ಬಟ್ಟಲನ್ನು ದಡಕ್ಕನೆ ನೆಲಕ್ಕೆ ಇಟ್ಟಳು. ಮೂಲೆಯಲ್ಲಿ ಕೂತಿದ್ದ ಭಾವಮೈದ ಅಕ್ಕನ ಮುಖ ನೋಡಿದ, ಅವಳ ಕೊರಳು ನೋಡಿದ, ನಕ್ಕ. ಅವನಿಗೆ ಅಷ್ಟು ಸಾಕಾಗಿತ್ತು.

ಗಾಯ ಮಾಯಿತು. ಮತ್ತೆ ಬಂಡೆಗೆ ಹೋಗುವ ದಿನ ಬಂತು. ಜೇನುಗಾರ ಎದ್ದು ಹೊರಟವನು ಅಂಗಳದಲ್ಲಿ ನಿಂತ. ಹಗ್ಗದ ಸುರುಳಿಯನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಾಯಿಸಿದ. ಮತ್ತೆ ಬದಲಾಯಿಸಿದ. ಕೊನೆಗೆ ಭಾವಮೈದನ ಮುಂದೆ ಹೋಗಿ, ಹಗ್ಗದ ತುದಿಯನ್ನು ಅವನ ಕೈಯಲ್ಲಿ ಇಟ್ಟ.

"ಯಾಕೆ? ಮರ ಏನಾಯಿತು?" ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

ಜೇನುಗಾರ ಸ್ವಲ್ಪ ಯೋಚಿಸಿದ. "ಮರಕ್ಕೆ ಕಟ್ಟಿದರೆ ಹಗ್ಗ ಸವೆಯುತ್ತದೆ," ಎಂದ.

ಇಬ್ಬರೂ ಬಂಡೆಯ ಕಡೆಗೆ ನಡೆದರು.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಬಿಸಿಲು ಇಳಿದಿತ್ತು. ಅಡವೀಶ ಇನ್ನೂ ಬಂಡೆಯ ನೆತ್ತಿಯ ಮೇಲೆಯೇ ಇದ್ದವನ ಹಾಗೆ ಕೂತಿದ್ದ. ಆಮೇಲೆ ಮೆಲ್ಲಗೆ ಅವನ ಮುಖ ಅರಳಿತು. ಮುಂದಕ್ಕೆ ಸರಿದು ಕೂತ.

"ತಿಳಿಯಿತು ಗುರುಗಳೇ. ಜೇನುಗಾರನೇ ಎಡ ಹೋಳು, ಭಾವಮೈದನೇ ಬಲ ಹೋಳು. ಒಬ್ಬನು ತುಂಡನ್ನು ನೋಡಿ ಅದನ್ನೇ ಲೋಕ ಎನ್ನುತ್ತಾನೆ. ಇನ್ನೊಬ್ಬನು ಲೋಕವನ್ನು ನೋಡಿಯೂ ಹೇಳಲಾರ. ಹೇಳುವವನು ಹೇಳದವನ ಕೆಲಸವನ್ನೆಲ್ಲ ತನ್ನದೆಂದು ಹೇಳಿಕೊಳ್ಳುತ್ತಾನೆ. ನಾನು ಇಷ್ಟು ದಿನ ಅವನ ಮಾತಿಗೇ ಮರುಳಾಗಿದ್ದೆ. ಇನ್ನು ಅವನನ್ನು ನಂಬುವುದಿಲ್ಲ. ಮಾತಿಲ್ಲದವನನ್ನೇ ನಂಬಿ ನಡೆಯುತ್ತೇನೆ. ಇದು ನನ್ನ ಗಟ್ಟಿ ನಿರ್ಧಾರ."

ಗುರುಗಳು ಅವನನ್ನು ಪ್ರೀತಿಯಿಂದ ನೋಡಿದರು.

"ಬಹಳ ಚೆನ್ನಾಗಿ ಹೇಳಿದೆಯಪ್ಪ. ಈಗ ಇದನ್ನು ಹೇಳಿದವನು ಅವರಿಬ್ಬರಲ್ಲಿ ಯಾರು?"

ಅಡವೀಶ ಬಾಯಿ ತೆರೆದ. ಕೈ ಗಾಳಿಯಲ್ಲಿ ಒಂದು ಸುತ್ತು ತಿರುಗಿತು.